ಚಿತ್ರ ತಡವರಿಸುವುದೇಕೆ? 24, 25 ಮತ್ತು 60ರ ಲೆಕ್ಕ

ಅಟ್ಲಾಂಟಾದ ಈಶಾನ್ಯಕ್ಕಿರುವ ನಾರ್‌ಕ್ರಾಸ್‌ನಲ್ಲಿ ಒಂದು ಕನ್ನಡ ಮನೆ ಇದೆ ಎಂದುಕೊಳ್ಳಿ. ಟೀವಿಯ ಕೆಳಗೊಂದು ಪುಟ್ಟ ಕಂಪ್ಯೂಟರ್, ಅದರ ಹಾರ್ಡ್ ಡಿಸ್ಕಿನಲ್ಲಿ ಮೂರು ಬಗೆಯ ಸರಕು. ‘ಬಂಗಾರದ ಮನುಷ್ಯ’ದಂಥ ಸಿನಿಮಾಗಳು ಸೆಕೆಂಡಿಗೆ 24 ಚಿತ್ರದವು. ಹುಬ್ಬಳ್ಳಿಯಲ್ಲಿ ತೆಗೆಸಿದ ಮದುವೆಯ ವಿಡಿಯೊ 25ರದು. ನೃಪತುಂಗ ಕನ್ನಡ ಕೂಟದ ಸಮಾರಂಭವನ್ನು ಅಮೆರಿಕದ ಕ್ಯಾಮೆರಾದಲ್ಲಿ ಹಿಡಿದಿದ್ದರೆ ಅದು 29.97. ಟೀವಿ ಮಾತ್ರ ಯಾವಾಗಲೂ 60ರಲ್ಲೇ ನಿಂತಿರುತ್ತದೆ.

ಮದುವೆ ಮಂಟಪದ ಈ ತುದಿಯಿಂದ ಆ ತುದಿಗೆ ಕ್ಯಾಮೆರಾ ಹೊರಳುವಾಗ ಚಿತ್ರ ತಡವರಿಸುತ್ತದೆ. ಕಂಪ್ಯೂಟರ್ ಹಳತಾಯಿತು ಎನ್ನುತ್ತಾರೆ ಒಬ್ಬರು; ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸೋಣ ಎನ್ನುತ್ತಾರೆ ಇನ್ನೊಬ್ಬರು. ಎಷ್ಟೋ ಸಲ ಇಬ್ಬರ ಮಾತೂ ತಪ್ಪು. ತೊಡಕಿರುವುದು ಭಾಗಾಕಾರದಲ್ಲಿ.

ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು ವಿಡಿಯೊ ಫೈಲಿನ ಗುಣ. ಅದು ಫ್ರೇಮ್ ರೇಟ್. ತೆರೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಬರೆದುಕೊಳ್ಳುತ್ತದೆ ಎಂಬುದು ರಿಫ್ರೆಶ್ ರೇಟ್. ರಿಫ್ರೆಶ್ ರೇಟನ್ನು ಫ್ರೇಮ್ ರೇಟಿನಿಂದ ಭಾಗಿಸಿದಾಗ ಶೇಷ ಉಳಿಯದಿದ್ದರೆ ಚಲನೆ ನುಣುಪಾಗಿರುತ್ತದೆ. ವ್ಯಾಖ್ಯೆಗೆ ಇಷ್ಟು ಸಾಕು.

60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲು ಬರುವುದಿಲ್ಲವಾದ್ದರಿಂದ ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಲಾಗುತ್ತದೆ. ಮೊದಲನೆಯದು ತೆರೆಯ ಮೇಲೆ ಸುಮಾರು 33 ಮಿಲಿಸೆಕೆಂಡು ನಿಂತರೆ ಎರಡನೆಯದು 50. ಖಂಡ ನಡೆಯ ‘ತಕ ತಕಿಟ’ ಅಂದರೆ ಇದೇ ಎರಡು-ಮೂರು. ಕಿವಿಗೆ ಸೊಗಸಾದದ್ದು ಕಣ್ಣಿಗೆ ಕುಂಟುತ್ತದೆ. ಮದುವೆ ವಿಡಿಯೊದ ಪಾಡು ಇನ್ನೂ ವಿಚಿತ್ರ. 60ನ್ನು 25ರಿಂದ ಭಾಗಿಸಿದರೆ 2.4 ಬರುವುದರಿಂದ ಐದು ಚಿತ್ರಗಳಿಗೆ 2, 2, 3, 2, 3ರಂತೆ ಹನ್ನೆರಡು ಸರದಿ ಹಂಚಬೇಕು.

ಇಲ್ಲಿ ಎಲ್ಲರೂ ಎಡವುವ ಕಲ್ಲೊಂದಿದೆ: ದೊಡ್ಡ ಸಂಖ್ಯೆಯೇ ಒಳ್ಳೆಯದೆಂಬ ನಂಬಿಕೆ. 120 ಹರ್ಟ್ಸ್ ಟೀವಿ ತಂದರೆ 24ರ ಸಿನಿಮಾ ಸರಿಹೋಗುತ್ತದೆ, 30ರದೂ ಸರಿಹೋಗುತ್ತದೆ. ಆದರೆ 120ನ್ನು 25ರಿಂದ ಭಾಗಿಸಿದರೆ 4.8. ಎರಡರಷ್ಟು ವೇಗದ ತೆರೆಯ ಮೇಲೂ ಹುಬ್ಬಳ್ಳಿಯ ಮದುವೆಗೆ ಲೆಕ್ಕ ಕೂಡಿಬರುವುದಿಲ್ಲ. ಅದಕ್ಕೆ ಬೇಕಾದದ್ದು 50 ಅಥವಾ 100. ಭಾರತದ ವಿದ್ಯುತ್ತು 50 ಹರ್ಟ್ಸ್, ಅಮೆರಿಕದ್ದು 60. ಎರಡೂ ಕಡೆ ಟೀವಿ ಪದ್ಧತಿಗಳು ಅದರ ಮೇಲೆಯೇ ಬೆಳೆದವು. ಎರಡೂ ದೇಶಗಳ ವಿಡಿಯೊ ಒಂದೇ ಡಿಸ್ಕಿನಲ್ಲಿರುವ ಮನೆಗೆ ಈ ಹಳೆಯ ವ್ಯತ್ಯಾಸ ಇವತ್ತಿಗೂ ಬಿಟ್ಟಿಲ್ಲ.

ಇನ್ನು 29.97, 23.976 ಎಂಬ ಚಿಲ್ಲರೆ ಎಲ್ಲಿಂದ ಬಂತು? ವಿಡಿಯೊ ಲೋಕದ ಅತ್ಯಂತ ರುಚಿಕಟ್ಟಾದ ಕಥೆ ಇದು. ಅಮೆರಿಕದ ಕಪ್ಪು-ಬಿಳುಪು ಟೀವಿ ಸೆಕೆಂಡಿಗೆ 15,750 ಗೆರೆ ಎಳೆಯುತ್ತಿತ್ತು. 1953ರಲ್ಲಿ ಬಣ್ಣದ ಪದ್ಧತಿಗೆ ಒಪ್ಪಿಗೆ ಸಿಗುವ ಹೊತ್ತಿಗೆ ಒಂದು ಸಮಸ್ಯೆ ಎದುರಾಗಿತ್ತು: ಬಣ್ಣದ ತರಂಗವೂ 4.5 ಮೆಗಾಹರ್ಟ್ಸ್‌ನಲ್ಲಿದ್ದ ಧ್ವನಿಯ ತರಂಗವೂ ಬೆರೆತು ತೆರೆಯ ಮೇಲೆ ಚುಕ್ಕಿಗಳ ವಿನ್ಯಾಸ ಏಳುವ ಅಪಾಯವಿತ್ತು. ಧ್ವನಿಯನ್ನು ಮುಟ್ಟಿದರೆ ಜನರ ಮನೆಯಲ್ಲಿದ್ದ ಹಳೆಯ ಸೆಟ್ಟುಗಳಿಗೆ ತೊಂದರೆ. ಹಾಗಾಗಿ ಎಂಜಿನಿಯರುಗಳು ಗೆರೆಗಳ ಲೆಕ್ಕವನ್ನೇ 4.5 ಮೆಗಾಹರ್ಟ್ಸ್‌ನ 286ನೆಯ ಒಂದು ಭಾಗಕ್ಕೆ, ಅಂದರೆ ಸುಮಾರು 15,734ಕ್ಕೆ ಇಳಿಸಿದರು. 60 ಹೋಗಿ 59.94 ಆಯಿತು, 30 ಹೋಗಿ 29.97. ಸಿನಿಮಾದ 24 ಕೂಡ ಟೀವಿಗೆ ಹೊಂದಿಕೊಳ್ಳಲು 23.976ಕ್ಕೆ ಇಳಿಯಿತು. ಎಲ್ಲದರಲ್ಲೂ ಹೆಚ್ಚುಕಡಿಮೆ ಸಾವಿರಕ್ಕೊಂದು ಪಾಲಿನ ಕಡಿತ. ಚುಕ್ಕಿ ಕಾಣಬಹುದಾಗಿದ್ದ ಸೆಟ್ಟುಗಳು ಗುಜರಿ ಸೇರಿ ಕಾಲವಾಯಿತು. ಕಡಿತ ಮಾತ್ರ ಇವತ್ತಿನ 4ಕೆ ಟೀವಿಯೊಳಗೂ ಕೂತಿದೆ.

ಈ ಸಾವಿರಕ್ಕೊಂದು ಪಾಲೇ ರೋಗ ಪತ್ತೆಗೆ ಒದಗುತ್ತದೆ. ಬೇಕಾದದ್ದು ಒಂದು ಗಡಿಯಾರ. ಕ್ಯಾಮೆರಾ ಹೊರಳುವ ದೃಶ್ಯದಲ್ಲೆಲ್ಲ ಎಡೆಬಿಡದೆ ನಡುಗಿದರೆ ಅದು ಮೇಲೆ ಹೇಳಿದ ಎರಡು-ಮೂರರ ಕುಂಟು. ಉಳಿದಂತೆ ಚೆನ್ನಾಗಿದ್ದು ಸುಮಾರು 42 ಸೆಕೆಂಡಿಗೊಮ್ಮೆ ಗಕ್ಕನೆ ನಿಂತರೆ 23.976ರ ಸಿನಿಮಾ ಸರಿಯಾಗಿ 24ರ ತೆರೆಯ ಮೇಲೆ ಓಡುತ್ತಿದೆ ಎಂದರ್ಥ. ಅಟ್ಲಾಂಟಾದ ಚಾನೆಲ್ಲನ್ನು ಆಂಟೆನಾದಿಂದ ಹಿಡಿದು ನೋಡುವಾಗ ಸುಮಾರು 17 ಸೆಕೆಂಡಿಗೊಮ್ಮೆ ಎಡವಿದರೆ ಅದು 59.94 ಮತ್ತು 60ರ ನಡುವಿನ ಜಗಳ. ಲಯವೇ ಇಲ್ಲದೆ ಎಲ್ಲೆಂದರಲ್ಲಿ ನಿಂತರೆ ಮಾತ್ರ ಕಂಪ್ಯೂಟರಿನ ಶಕ್ತಿ, ಡಿಸ್ಕು ಅಥವಾ ವೈಫೈಯನ್ನು ಅನುಮಾನಿಸಬಹುದು. ಚಿತ್ರ ಅಡ್ಡಡ್ಡ ಸೀಳಿದಂತೆ ಕಂಡರೆ ಚಿತ್ರವನ್ನು ತೆರೆಯ ಲಯಕ್ಕೆ ಹೊಂದಿಸುವ ವಿ-ಸಿಂಕ್ ಸೆಟ್ಟಿಂಗ್ ಕಡೆ ನೋಡಬೇಕು.

42 ಸೆಕೆಂಡಿನ ಎಡವು ಕಟ್ಟುಕಥೆಯಲ್ಲ. ಇಂಟೆಲ್ಲಿನ 2010ರ ಸುಮಾರಿನ ಪ್ರೊಸೆಸರುಗಳ ಗ್ರಾಫಿಕ್ಸ್‌ಗೆ 23.976 ಕೊಡಲು ಬರುತ್ತಿರಲಿಲ್ಲ. 2013ರ ಹ್ಯಾಸ್‌ವೆಲ್ ಪೀಳಿಗೆಯ ಹೊತ್ತಿಗೆ ಅದು ನೆಟ್ಟಗಾಯಿತು. ಇದನ್ನೇ ನೆನಪಿಸುವ ಬಲೆಯೊಂದು ಹಳೆಯ ವಿಂಡೋಸ್ ಪಟ್ಟಿಗಳಲ್ಲಿದೆ. ಅವು ದಶಾಂಶವನ್ನು ಕತ್ತರಿಸಿ 23.976ನ್ನು 23 ಎಂದೂ 59.94ನ್ನು 59 ಎಂದೂ ತೋರಿಸುತ್ತವೆ. ‘23 ಏನೋ ತಪ್ಪಿರಬೇಕು’ ಎಂದು 24 ಒತ್ತಿದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಪರಿಹಾರ ಚಿಕ್ಕದು. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಫೈಲಿನ ಫ್ರೇಮ್ ರೇಟ್ ನೋಡಿಕೊಳ್ಳಬೇಕು. ಕೋಡಿ ಎಂಬ ವಿಡಿಯೊ ಪ್ಲೇಯರ್ ಬಳಸುವವರು ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಎಂಬುದನ್ನು ‘ಆನ್ ಸ್ಟಾರ್ಟ್/ಸ್ಟಾಪ್’ಗೆ ಇಟ್ಟರೆ ಪ್ರತಿ ವಿಡಿಯೊಗೂ ತೆರೆ ತಾನೇ ಹೊಂದಿಕೊಳ್ಳುತ್ತದೆ. ಆಗ ಟೀವಿ ಕ್ಷಣಕಾಲ ಕಪ್ಪಾಗುವುದು ಸಹಜ. ಬ್ರೌಸರಿನಲ್ಲಿ ನೋಡುವ ಸಿನಿಮಾಗೆ ಸಾಮಾನ್ಯವಾಗಿ ಈ ಸೌಲಭ್ಯವಿಲ್ಲ. ತೆರೆಯ ರೇಟನ್ನು ಕೈಯಾರೆ ಬದಲಿಸಬೇಕು. ಪರೀಕ್ಷಿಸುವ ಮುನ್ನ ಚಲನೆಯನ್ನು ಕೃತಕವಾಗಿ ನುಣುಪಾಗಿಸುವ ಟೀವಿಯ ಮೋಷನ್ ಸ್ಮೂತಿಂಗ್ ಆರಿಸುವುದು ಒಳ್ಳೆಯದು. 4ಕೆ ತೆರೆಗೆ 30ಕ್ಕಿಂತ ಹೆಚ್ಚು ಸಿಗದಿದ್ದರೆ ಕಂಪ್ಯೂಟರ್ ಮತ್ತು ಟೀವಿಯ ನಡುವೆ ಎಚ್‌ಡಿಎಂಐ 1.4ರ ಹಳೆಯ ರಿಸೀವರ್ ಇದೆಯೇ ನೋಡಬೇಕು. ಅದರ ಮಿತಿಯೇ ಅಷ್ಟು. ಅಮೆರಿಕದ ಕೆಲವು ಟೀವಿಗಳು 50 ಹರ್ಟ್ಸ್ ಒಪ್ಪುವುದೇ ಇಲ್ಲ. ಆಗ ತೆರೆಯನ್ನು 24ರಲ್ಲಿಟ್ಟು ಪ್ಲೇಯರಿನ ವೇಗವನ್ನು 0.96ಕ್ಕೆ ಇಳಿಸಬಹುದು. 100 ನಿಮಿಷದ ಮದುವೆ 104 ನಿಮಿಷವಾಗುತ್ತದೆ, ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ.

ಇಲ್ಲಿಗೆ ನಿಲ್ಲಿಸದೆ ಓದುಗರು ಇಂಟರ್‌ಲೇಸಿಂಗ್ (ಒಂದು ಚಿತ್ರವನ್ನು ಎರಡು ಅರ್ಧಗಳಾಗಿ ತೋರಿಸುವ ಪದ್ಧತಿ) ಬಗ್ಗೆಯೂ ಓದಬೇಕೆಂಬುದು ಈ ಅಧ್ಯಾಯದ ಕೋರಿಕೆ. ಊರಿನಿಂದ ತಂದ ಹಳೆಯ ವಿಡಿಯೊ ಕ್ಯಾಸೆಟ್ಟುಗಳಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳಿರುತ್ತವೆ. ಅಮೆರಿಕದ ಅಂಗಡಿಯಲ್ಲಿ ಅವನ್ನು 29.97ಕ್ಕೆ ಪರಿವರ್ತಿಸಿಕೊಟ್ಟರೆ ತಡವರಿಕೆ ಫೈಲಿನೊಳಗೇ ಅಚ್ಚಾಗಿಬಿಡುತ್ತದೆ. ಆಮೇಲೆ ಯಾವ ಸೆಟ್ಟಿಂಗೂ ಅದನ್ನು ತೆಗೆಯಲಾರದು. ಕ್ಯಾಸೆಟ್ಟು ಕೊಡುವಾಗಲೇ ‘50ನ್ನು 50ರಲ್ಲೇ ಉಳಿಸಿ’ ಎಂದು ಕೇಳಿ, ಬರೆಸಿಕೊಂಡು ಬನ್ನಿ.