ಮಜ್ಜಾಮೇದೋರ್ಬುದವೂ ಅದರ ಚಿತ್ರಲಕ್ಷಣಗಳೂ

ಮೂತ್ರಪಿಂಡಗಳೆರಡರ ನೆತ್ತಿಯ ಮೇಲೆಯೂ ಅಡ್ರಿನಲ್ ಎಂಬ ಒಂದೊಂದು ಕಿರುಗ್ರಂಥಿಯಿರುವುದು. ಅದರಲ್ಲಿ ಅಪೂರ್ವವಾಗಿ ಬೆಳೆಯುವ ನಿರಪಾಯದ ಗೆಡ್ಡೆಗಳಲ್ಲಿ ಮೈಯಲೋಲಿಪೋಮವೆಂಬುದು ಒಂದು. ಜರ್ಮನಿಯ ಗೀರ್ಕೆಯು 1905ರಲ್ಲಿ ಇದನ್ನು ವರ್ಣಿಸಿದನು. ಫ್ರಾನ್ಸಿನ ಓಬರ್ಲಿಂಗನು 1929ರಲ್ಲಿ ಇದಕ್ಕೆ ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಮುಯೆಲೋಸ್’ ಎಂದರೆ ಮಜ್ಜೆ, ‘ಲಿಪೋಸ್’ ಎಂದರೆ ಕೊಬ್ಬು. ಆಯುರ್ವೇದವು ಎಣಿಸುವ ಸಪ್ತಧಾತುಗಳಲ್ಲಿ ಮೇದಸ್ಸು, ಮಜ್ಜೆ ಎಂಬೆರಡೂ ಸೇರಿರುವುದರಿಂದ ಇದನ್ನು ಕನ್ನಡದಲ್ಲಿ ‘ಮಜ್ಜಾಮೇದೋರ್ಬುದ’ವೆನ್ನಬಹುದು. ಹೆಸರಿನಂತೆಯೇ ವಸ್ತು: ಬಲಿತ ಕೊಬ್ಬು, ಅದರ ನಡುನಡುವೆ ಎಲುಬಿನೊಳಗಣ ಮಜ್ಜೆಯಂತೆ ರಕ್ತಕಣಗಳನ್ನು ಹುಟ್ಟಿಸುವ ಅಂಶ.

ಪೂರ್ವದಲ್ಲಿ ಈ ಗೆಡ್ಡೆಯು ಬಹುಮಟ್ಟಿಗೆ ಶವಪರೀಕ್ಷೆಯಲ್ಲಿಯೇ ಕಣ್ಣಿಗೆ ಬೀಳುತ್ತಿದ್ದಿತು. ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಚಿತ್ರಿಸಿತು. ತರುವಾಯ ಹೊಟ್ಟೆಯ ಚಿತ್ರಗಳೂ ಸಾಧ್ಯವಾಗಲು, ಬೇರೆ ಕಾರಣಕ್ಕಾಗಿ ಪರೀಕ್ಷೆಗೆ ಬಂದವರಲ್ಲಿ ಇದು ಅಕಸ್ಮಾತ್ತಾಗಿ ಗೋಚರಿಸತೊಡಗಿತು. ಹೌನ್ಸ್‌ಫೀಲ್ಡನ ಹೆಸರಿನ ಮಾನದಲ್ಲಿ ನೀರಿಗೆ 0, ಗಾಳಿಗೆ ಋಣ 1000. ಕೊಬ್ಬು ಋಣ 100ರ ಆಸುಪಾಸಿನಲ್ಲಿರುವುದು. ಗೆಡ್ಡೆಯ ಒಂದು ಭಾಗವು ಸ್ಪಷ್ಟವಾಗಿ ಋಣ 30ಕ್ಕಿಂತ ಕೆಳಗಿಳಿದರೆ ಅಲ್ಲಿ ಕೊಬ್ಬಿದೆಯೆಂದು ತಿಳಿಯಬೇಕು. ಮಜ್ಜೆಯ ಅಂಶವು ಮಾಂಸದಂತೆ ತೋರುವುದರಿಂದ ಇಡಿಯ ಗೆಡ್ಡೆಯ ಸರಾಸರಿಯನ್ನು ಮಾತ್ರ ನೋಡಿದರೆ ಕೊಬ್ಬು ಮರೆಯಾಗಬಹುದು. ತೆಳುವಾದ ಪದರಗಳಲ್ಲಿ ಭಾಗಭಾಗವಾಗಿ ಅಳೆಯತಕ್ಕದ್ದು.

ಇದೇ ಗ್ರಂಥಿಯಲ್ಲಿ ಹೆಚ್ಚಾಗಿ ಕಾಣುವ ಅಡಿನೋಮವೆಂಬ ಗೆಡ್ಡೆಯಲ್ಲಿಯೂ ಅನೇಕವೇಳೆ ಕೊಬ್ಬುಂಟು. ಆದರೆ ಅದು ಜೀವಕೋಶಗಳೊಳಗೆ ಸೂಕ್ಷ್ಮವಾಗಿ ಹರಡಿ ನೀರಿನ ಜೊತೆಗೇ ಇರುವುದು. ಈ ಭೇದವನ್ನು ಎಂ.ಆರ್.ಐ. ತೋರಿಸಿಕೊಡುವುದು. ಕೊಬ್ಬಿನ ಮತ್ತು ನೀರಿನ ಸಂಕೇತಗಳು ಒಂದನ್ನೊಂದು ಕಳೆಯುವಂತೆ ಚಿತ್ರ ತೆಗೆದಾಗ ಅಂತಹ ಅಡಿನೋಮವು ಕಪ್ಪಾಗುವುದು. ಮಜ್ಜಾಮೇದೋರ್ಬುದದ ಅಪ್ಪಟ ಕೊಬ್ಬಾದರೋ ಬೆಳ್ಳಗೆ ಉಳಿದು, ಅದರ ಅಂಚಿನಲ್ಲಿ ಮಾತ್ರ ಕರಿಗೆರೆ ಮೂಡುವುದು. ಕೊಬ್ಬಿನ ಸಂಕೇತವನ್ನೇ ಅಡಗಿಸುವ ಬೇರೊಂದು ವಿಧಾನದಲ್ಲಿ ಅದೂ ಕಪ್ಪಾಗುವುದು.

ಈ ವಿವೇಚನೆಯ ಫಲವು ರೋಗಿಗೆ ಸಲ್ಲುವುದು. ಇಂತಹುದೆಂದು ಗೊತ್ತಾಗದ ದೊಡ್ಡ ಗೆಡ್ಡೆಯು ಕ್ಯಾನ್ಸರಿನ ಶಂಕೆಗೆ ಎಡೆಗೊಟ್ಟು ಅವನನ್ನು ಶಸ್ತ್ರಕ್ಕೆ ಗುರಿಮಾಡಬಹುದು. ಚಿಕ್ಕದಾಗಿದ್ದು ಬಾಧಿಸದ ಮಜ್ಜಾಮೇದೋರ್ಬುದವನ್ನು ಮುಟ್ಟದೆ ಬಿಡಬಹುದು; ಬಹಳ ಬೆಳೆದು ನೋಯಿಸಿದರೆ ಅಥವಾ ಒಳಗೆ ರಕ್ತ ಸುರಿದರೆ ಶಸ್ತ್ರಚಿಕಿತ್ಸೆಯನ್ನು ಯೋಚಿಸುವರು. ಆದರೂ ಕೊಬ್ಬು ಕಂಡಮಾತ್ರಕ್ಕೆ ನಿರ್ಣಯಿಸಲಾಗದು. ಗ್ರಂಥಿಯ ನೆರೆಯಲ್ಲಿ ಹುಟ್ಟುವ ಲಿಪೋಸಾರ್ಕೋಮವೂ ಕೊಬ್ಬಿನದೇ; ಆದರೆ ಅದು ಕ್ಯಾನ್ಸರು. ಆದುದರಿಂದ ಗೆಡ್ಡೆಯು ಗ್ರಂಥಿಯಿಂದಲೇ ಹೊರಟಿರುವುದೋ ಇಲ್ಲವೋ ಎಂಬುದನ್ನು ಚಿತ್ರಗಳಲ್ಲಿ ಮೊದಲು ಗೊತ್ತುಮಾಡಿಕೊಳ್ಳಬೇಕು.