ಹೂಗುಚ್ಛ ಹಿಡಿದವಳು ಸೋಫಾದಲ್ಲಿ ಕೂತಾಗ

ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿರುವ ‘ಒಲಿಂಪಿಯಾ’ ಚಿತ್ರದಲ್ಲಿ ಇಬ್ಬರು ಹೆಂಗಸರಿದ್ದಾರೆ. ಒಬ್ಬಳು ಮಂಚದ ಮೇಲೆ ಬೆತ್ತಲೆಯಾಗಿ ಒರಗಿರುವ ಬಿಳಿಯ ಹೆಣ್ಣು. ಇನ್ನೊಬ್ಬಳು ಅವಳ ಹಿಂದೆ ಹೂಗುಚ್ಛ ಹಿಡಿದು ನಿಂತ ಕಪ್ಪು ಸೇವಕಿ. ಎದುವಾರ್ ಮಾನೆ 1863ರಲ್ಲಿ ಬರೆದ ಈ ಚಿತ್ರದ ಬಗ್ಗೆ ರಾಶಿ ರಾಶಿ ಬರಹಗಳು ಬಂದಿವೆ, ಬಹುಪಾಲು ಒರಗಿದವಳ ಕುರಿತೇ. ನಿಂತವಳಿಗೆ ರೂಪದರ್ಶಿಯಾಗಿದ್ದವಳ ಹೆಸರು ಲೋರ್. 2018ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಾಲಾಕ್ ಗ್ಯಾಲರಿಯಲ್ಲಿ ಕಲಾ ಇತಿಹಾಸಕಾರ್ತಿ ಡೆನೀಸ್ ಮರೆಲ್ ಇಂಥ ಕಪ್ಪು ರೂಪದರ್ಶಿಯರನ್ನೇ ನಡುವೆ ನಿಲ್ಲಿಸಿ ಒಂದು ಪ್ರದರ್ಶನ ಏರ್ಪಡಿಸಿದರು. ಅಲ್ಲಿ ಹಳೆಯ ಫ್ರೆಂಚ್ ಚಿತ್ರಗಳ ಜೊತೆ ಅಮೆರಿಕದ ಕಲಾವಿದೆ ಮಿಕಲೀನ್ ಥಾಮಸ್ ಅವರ ಕೃತಿಯೂ ಇತ್ತು.

ಇರಲೇಬೇಕಿತ್ತು ಎನ್ನಿ. ಎರಡು ದಶಕಗಳಿಂದ ಥಾಮಸ್ ಮಾಡುತ್ತ ಬಂದಿರುವುದೇ ಅದನ್ನು: ಹಿಂದೆ ನಿಂತವಳನ್ನು ಮುಂದಕ್ಕೆ ಕರೆದು ಸೋಫಾದಲ್ಲಿ ಕೂರಿಸುವುದು.

ಆ ಸೋಫಾ ಸುಮ್ಮನೆ ಅಲ್ಲಿಗೆ ಬಂದದ್ದಲ್ಲ. ಥಾಮಸ್ ಮೊದಲು ಸ್ಟುಡಿಯೋದಲ್ಲಿ ಇಡೀ ಕೋಣೆಯನ್ನೇ ಕಟ್ಟುತ್ತಾರೆ. ಎಪ್ಪತ್ತರ ದಶಕದ ಅಮೆರಿಕದ ಕಪ್ಪು ಕುಟುಂಬವೊಂದರ ಹಾಲ್ ಅದು: ಮರದ ಹಲಗೆಯ ಗೋಡೆ, ಹೂವಿನ ಬಟ್ಟೆ, ಚಿರತೆ ಚುಕ್ಕೆಯ ಹೊದಿಕೆ, ಒಂದಕ್ಕೊಂದು ಹೊಂದದ ದಿಂಬುಗಳು. ಪರಿಚಯದ ಹೆಂಗಸರೇ ಅಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಫೋಟೊಗಳನ್ನು ಕತ್ತರಿಸಿ, ಅಂಟಿಸಿ ಕೊಲಾಜ್ ಮಾಡಿ, ಅದನ್ನು ಆಳೆತ್ತರ ಮೀರಿದ ಮರದ ಫಲಕದ ಮೇಲೆ ಅಕ್ರಿಲಿಕ್ ಮತ್ತು ಎನಾಮೆಲ್ ಬಣ್ಣಗಳಲ್ಲಿ ಹಿಗ್ಗಿಸುತ್ತಾರೆ. ಆಮೇಲೆ ಹರಳು. ಕೂದಲಿಗೆ, ತುಟಿಗೆ, ರೆಪ್ಪೆಗೆ, ಬಟ್ಟೆಯ ಅಂಚಿಗೆ ಸಾವಿರಾರು ಕೃತಕ ಹರಳುಗಳು.

ಹರಳಿನ ಕತೆ ಶುರುವಾದದ್ದು ಕೈ ಖಾಲಿಯಿದ್ದ ಕಾಲದಲ್ಲಿ. 1971ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಹುಟ್ಟಿದ ಥಾಮಸ್, ಪೋರ್ಟ್‌ಲ್ಯಾಂಡ್‌ನಲ್ಲಿದ್ದಾಗ ವಕೀಲಿಕೆಯತ್ತ ಹೊರಟಿದ್ದವರು. ಅಲ್ಲಿನ ಮ್ಯೂಸಿಯಂನಲ್ಲಿ ಕಪ್ಪು ಛಾಯಾಗ್ರಾಹಕಿ ಕ್ಯಾರಿ ಮೇ ವೀಮ್ಸ್ ಅವರ ಫೋಟೊಗಳನ್ನು ನೋಡಿದ ಮೇಲೆ ದಾರಿ ತಿರುಗಿತು. ಬ್ರೂಕ್ಲಿನ್‌ನ ಪ್ರ್ಯಾಟ್ ಸಂಸ್ಥೆಗೆ ಸೇರಿದಾಗ ತೈಲವರ್ಣದ ಟ್ಯೂಬು ಕೊಳ್ಳುವುದೇ ದುಬಾರಿ. ಕರಕುಶಲ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಚಮಕಿ, ಉಣ್ಣೆ, ಹರಳು ಕೈಗೆ ಬಂದವು. ದುಡ್ಡು ಬಂದ ಮೇಲೂ ಅವನ್ನು ಕೈಬಿಡಲಿಲ್ಲ.

ಯೇಲ್‌ನಲ್ಲಿ ಸ್ನಾತಕೋತ್ತರ ಪದವಿಗೆ ಓದುವಾಗ ಫೋಟೊಗ್ರಫಿ ತರಗತಿಯ ಪಾಠವೊಂದು ಅವರನ್ನು ಕ್ಯಾಮೆರಾ ಹಿಡಿದು ತಾಯಿಯ ಮುಂದೆ ನಿಲ್ಲಿಸಿತು. ತಾಯಿ–ಮಗಳ ಸಂಬಂಧ ಅಷ್ಟೇನೂ ಸರಿಯಿರಲಿಲ್ಲ. ತಾಯಿ ಸಾಂಡ್ರಾ ಬುಷ್ ಎಪ್ಪತ್ತರ ದಶಕದಲ್ಲಿ ಮಾಡೆಲ್ ಆಗಿದ್ದ, ಎತ್ತರದ ಹೆಂಗಸು. ಕ್ಯಾಮೆರಾದ ಮುಂದೆ ಹೇಗೆ ಕೂರಬೇಕೆಂದು ಮಗಳು ಹೇಳಿಕೊಡುವ ಅಗತ್ಯವೇ ಇರಲಿಲ್ಲ. ‘ಮಾಮಾ ಬುಷ್’ ಎಂಬ ಹೆಸರಿನಲ್ಲಿ ಆಕೆ ಮಗಳ ಚಿತ್ರಗಳಲ್ಲಿ ಮತ್ತೆ ಮತ್ತೆ ಬಂದರು. 2012ರಲ್ಲಿ ಥಾಮಸ್ ತಾಯಿಯ ಬಗ್ಗೆ ಕಿರು ಸಾಕ್ಷ್ಯಚಿತ್ರವನ್ನೂ ಮಾಡಿದರು. ಅದರಲ್ಲಿ ಬುಷ್ ಮಾದಕ ವ್ಯಸನ, ಕೆಟ್ಟ ದಾಂಪತ್ಯ, ಕಾಯಿಲೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ. ಆ ವರ್ಷವೇ ತೀರಿಕೊಂಡರು. ಇದನ್ನು ತಿಳಿದು ನೋಡಿದರೆ ಫಲಕದ ಮೇಲಿನ ಹೊಳಪು ಬರೀ ಥಳಕಾಗಿ ಕಾಣುವುದಿಲ್ಲ. ಬದುಕು ಎಷ್ಟೇ ಜಜ್ಜಿದರೂ ಹೊರಗೆ ಹೊರಡುವಾಗ ಅಲಂಕಾರ ಬಿಡದ ಹೆಂಗಸರ ಹಟ ಅದು.

ಚಿತ್ರಕಲೆಯ ಹಳೆಯ ಗುರುಗಳೊಡನೆ ಥಾಮಸ್ ಅವರ ಜಗಳ ಎದ್ದು ಕಾಣುವುದು 2010ರ ಒಂದು ಕೃತಿಯಲ್ಲಿ. ಮಾನೆಯ ‘ಹುಲ್ಲಿನ ಮೇಲೆ ಊಟ’ ಚಿತ್ರದಲ್ಲಿ ಸೂಟು ಧರಿಸಿದ ಇಬ್ಬರು ಗಂಡಸರ ಪಕ್ಕ ಬೆತ್ತಲೆ ಹೆಣ್ಣೊಬ್ಬಳು ಕೂತಿದ್ದಾಳೆ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ, ಅಂದರೆ ಮೋಮಾ, ತನ್ನ ರೆಸ್ಟೋರೆಂಟಿನ ಕಿಟಕಿಗಾಗಿ ಕೃತಿಯೊಂದನ್ನು ಕೇಳಿದಾಗ ಥಾಮಸ್ ಅದೇ ಭಂಗಿಗಳನ್ನು ಎತ್ತಿಕೊಂಡು, ಅದೇ ಮ್ಯೂಸಿಯಂನ ಶಿಲ್ಪೋದ್ಯಾನದಲ್ಲಿ ಮೂವರು ಕಪ್ಪು ಹೆಂಗಸರನ್ನು ಕೂರಿಸಿ ಫೋಟೊ ತೆಗೆದರು. ಮೂವರ ಮೈಮೇಲೂ ಬಟ್ಟೆಯಿದೆ, ಅದೂ ಕಣ್ಣು ಕುಕ್ಕುವ ಬಣ್ಣದ್ದು. ಮೂವರೂ ನೇರವಾಗಿ ನಮ್ಮನ್ನೇ ನೋಡುತ್ತಾರೆ. ಮಾನೆಯ ಕ್ಯಾನ್ವಾಸಿನ ಅಗಲ ಸುಮಾರು ಎಂಟೂವರೆ ಅಡಿ. ಥಾಮಸ್ ಫಲಕದ್ದು 24 ಅಡಿ!

ಎಲ್ಲವೂ ಇಷ್ಟು ಗಟ್ಟಿಯಾಗಿದೆ ಎನ್ನಲಾಗದು. ಕೆಲವು ಕೃತಿಗಳಲ್ಲಿ ಬಟ್ಟೆಯ ವಿನ್ಯಾಸ, ಗೋಡೆಯ ವಿನ್ಯಾಸ, ಹರಳು ಎಲ್ಲ ಸೇರಿ ಜಾತ್ರೆಯಾಗಿ ಕೂತವಳ ಮುಖವೇ ಕಳೆದುಹೋಗುತ್ತದೆ. ಪುಸ್ತಕದ ಪುಟದಲ್ಲಿ ನೋಡುವವರಿಗೆ ಇನ್ನೂ ಒಂದು ನಷ್ಟ: ಅಚ್ಚಿನಲ್ಲಿ ಹರಳು ಬರೀ ಚುಕ್ಕಿ. ಎದುರು ನಿಂತು ಎರಡು ಹೆಜ್ಜೆ ಸರಿದರೆ ಬೆಳಕೂ ಸರಿಯುತ್ತದೆ. ಆ ಆಟ ಫೋಟೊಗೆ ಸಿಗುವುದಿಲ್ಲ.

ಮನ್ನಣೆಗೇನೂ ಕೊರತೆಯಾಗಿಲ್ಲ. 2008ರಲ್ಲಿ ಅವರು ಮಾಡಿದ ಮಿಶೆಲ್ ಒಬಾಮ ಅವರ ಮುದ್ರಣಚಿತ್ರ ವಾಷಿಂಗ್ಟನ್‌ನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯಲ್ಲಿದೆ. ಲೇಖಕಿ ಬೆಲ್ ಹುಕ್ಸ್ ಅವರ ಪುಸ್ತಕದ ಹೆಸರನ್ನೇ ಹೊತ್ತ ‘ಆಲ್ ಅಬೌಟ್ ಲವ್’ ಪ್ರದರ್ಶನ 2024ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿ ಫಿಲಡೆಲ್ಫಿಯಾ, ಲಂಡನ್‌ಗಳಿಗೂ ಹೋಯಿತು.

ಭಾರತದ ಕೈಗಳೂ ಈ ಕೆಲಸದಲ್ಲಿವೆ. 2023ರ ಜನವರಿಯಲ್ಲಿ ಪ್ಯಾರಿಸ್‌ನ ರೊದ್ಯಾ ಮ್ಯೂಸಿಯಂ ಅಂಗಳದಲ್ಲಿ ಡಿಯೋರ್ ಕಂಪನಿಯ ಫ್ಯಾಷನ್ ಷೋ ನಡೆದಾಗ ಅದರ ರಂಗಸಜ್ಜಿಕೆ ಥಾಮಸ್ ಅವರದು. ನರ್ತಕಿ ಜೋಸೆಫಿನ್ ಬೇಕರ್, ಗಾಯಕಿ ನೀನಾ ಸಿಮೋನ್ ಮೊದಲಾದ ಹದಿಮೂರು ಮಹಿಳೆಯರ ಬೃಹತ್ ಭಾವಚಿತ್ರಗಳು ಗೋಡೆ ತುಂಬಿದ್ದವು. ಅವುಗಳ ಕಸೂತಿ ಮಾಡಿದ್ದು ಮುಂಬೈನ ಚಾಣಕ್ಯ ಕಾರ್ಯಾಗಾರ ಮತ್ತು ಅದರ ಕರಕುಶಲ ಶಾಲೆ. ತಲೆಮಾರುಗಳಿಂದ ಗಂಡಸರ ಕೈಯಲ್ಲಿದ್ದ ಕಸೂತಿ ವೃತ್ತಿಯನ್ನು ಹೆಂಗಸರಿಗೆ ಕಲಿಸಲೆಂದು ಶುರುವಾದ ಶಾಲೆ ಅದು.