ಕುಪ್ಪಳಿಯ ಕವಿಮನೆ: ವಾಸ್ತು ಮತ್ತು ಸಾಮಾಜಿಕ ಗಡಿರೇಖೆಗಳು

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಕುಪ್ಪಳಿಯಲ್ಲಿರುವ ಕುವೆಂಪು ಅವರ ಮನೆತನದ ಮನೆಯು ಮಲೆನಾಡಿನ ತೊಟ್ಟಿಮನೆಗಳ ಪರಂಪರೆಯ ಮೂರಂತಸ್ತಿನ ಕಟ್ಟಡ. ಕವಿ 1904ರ ಡಿಸೆಂಬರ್ 29ರಂದು ಜನಿಸಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಾದರೂ ಅವರ ಬಾಲ್ಯ ಅರಳಿದ್ದು ಈ ಮನೆಯಲ್ಲಿ. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಇದನ್ನು ನವೀಕರಿಸಿ, ‘ಕವಿಮನೆ’ ಎಂಬ ಹೆಸರಿನಲ್ಲಿ ವಸ್ತುಸಂಗ್ರಹಾಲಯವನ್ನಾಗಿ ರೂಪಿಸಿದೆ. ಈ ಮನೆಯನ್ನು ಕವಿಯ ಸ್ಮಾರಕವೆಂದಷ್ಟೇ ಕಾಣದೆ, ಒಂದು ಸಮಾಜವ್ಯವಸ್ಥೆಯ ದಾಖಲೆಯೆಂದೂ ಓದುವುದು ಅಗತ್ಯ.

ತೊಟ್ಟಿಮನೆಯ ವಿನ್ಯಾಸಕ್ಕೆ ಮೂಲ ಕಾರಣ ಮಳೆ. ತಿಂಗಳುಗಟ್ಟಲೆ ಸುರಿಯುವ ಮಳೆಯಲ್ಲಿ ಹೊರಗೋಡೆಗಳಿಗೆ ದೊಡ್ಡ ಕಿಟಕಿಗಳನ್ನಿಡುವುದು ಕಷ್ಟ. ಆದುದರಿಂದ ಗಾಳಿ ಬೆಳಕುಗಳಿಗೆ ನಡುವಿನ ಅಂಗಳವೇ ಆಧಾರ. ಸುತ್ತಲಿನ ಇಳಿಜಾರು ಮಾಡಿನಿಂದ ಅಂಗಳಕ್ಕೆ ಬೀಳುವ ನೀರು ಕಾಲುವೆಯ ಮೂಲಕ ಹೊರಹೋಗುತ್ತದೆ. ಕುಪ್ಪಳಿಯ ಮನೆಯಲ್ಲಿಯೂ ಈ ತೆರೆದ ಅಂಗಳ, ಅದರ ತುಳಸಿಕಟ್ಟೆ, ಮಾಡನ್ನು ಹೊತ್ತ ಮರದ ಕಂಬಗಳು ನೋಡುಗರ ಗಮನವನ್ನು ಮೊದಲು ಸೆಳೆಯುತ್ತವೆ. ಅಡುಗೆಮನೆಯ ಹೊಗೆಯೂ ಇಂಥ ಮನೆಗಳಲ್ಲಿ ವ್ಯರ್ಥವಲ್ಲ. ಅದು ಅಟ್ಟದ ದವಸವನ್ನು ಒಣಗಿಸುತ್ತ, ತೊಲೆಗಳನ್ನು ಹುಳುಗಳಿಂದ ಕಾಪಾಡುತ್ತದೆ.

ಆದರೆ ಈ ವಿನ್ಯಾಸ ಹವಾಮಾನಕ್ಕೆ ಮಾತ್ರ ಉತ್ತರವಾಗಿರಲಿಲ್ಲ. ಮಲೆನಾಡಿನ ಜಮೀನ್ದಾರಿ ಮನೆಗಳಲ್ಲಿ ಹೊರ ಅಂಗಳ, ಜಗಲಿ, ಒಳಾಂಗಣ, ಅಡುಗೆಮನೆ ಎಂಬ ಸ್ಥಳಕ್ರಮವು ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನೂ ನಿರ್ಧರಿಸುತ್ತಿತ್ತು. ಜಗಲಿ ಅತಿಥಿಗಳ ಮತ್ತು ಯಜಮಾನಿಕೆಯ ಸ್ಥಳ. ಅಸ್ಪೃಶ್ಯರೆನಿಸಿಕೊಂಡ ಆಳುಗಳ ಪಾಲಿಗೆ ಹೊರ ಅಂಗಳವೇ ಕೊನೆಯ ಗಡಿ. ಹೆಣ್ಣುಮಕ್ಕಳ ಬದುಕು ಬಹುಪಾಲು ಒಳಾಂಗಣ ಅಡುಗೆಮನೆಗಳ ನಡುವೆಯೇ ಸವೆಯುತ್ತಿತ್ತು.

‘ಕಾನೂರು ಹೆಗ್ಗಡಿತಿ’ (1936) ಹಾಗೂ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಎರಡನೆಯ ಕೃತಿಯು ಗೌಡರ ಮನೆಗಳನ್ನು ಕೇಂದ್ರದಲ್ಲಿಟ್ಟು ಆರಂಭವಾಗದೆ, ಕಾಡುದಾರಿಯಲ್ಲಿ ಸಾಗುವ ನಾಯಿಗುತ್ತಿಯೊಡನೆ ಆರಂಭವಾಗುತ್ತದೆ. ಜಗಲಿಯ ಕೆಳಗೆ ನಿಲ್ಲಬೇಕಾದವನನ್ನೇ ಕಥನದ ಮುಂಬಾಗಿಲಿಗೆ ತಂದುದು ಕೇವಲ ತಂತ್ರವಲ್ಲ. ಅದು ಮನೆಯ ಸ್ಥಳಕ್ರಮವನ್ನು ಸಾಹಿತ್ಯದಲ್ಲಿ ಪಲ್ಲಟಗೊಳಿಸಿದ ಕ್ರಿಯೆ.

ಇಂದು ಕವಿಮನೆಯಲ್ಲಿ ಕಂಬಗಳು, ಪಾತ್ರೆಗಳು, ಕೃಷಿ ಸಲಕರಣೆಗಳು ಸುರಕ್ಷಿತವಾಗಿವೆ. ಪ್ರವಾಸಿ ಯಾವ ಜಾತಿಯವನಾದರೂ ಜಗಲಿಯನ್ನು ದಾಟಿ ಅಡುಗೆಮನೆಯವರೆಗೆ ನಿರಾತಂಕವಾಗಿ ನಡೆಯುತ್ತಾನೆ. ಇದು ಸ್ವಾಗತಾರ್ಹ ಬದಲಾವಣೆ. ಆದರೆ ಹಿಂದೆ ಅಲ್ಲಿದ್ದ ಗಡಿಗಳನ್ನು ಮರ ಕಲ್ಲುಗಳು ತಾವಾಗಿ ಹೇಳಲಾರವು. ಅವನ್ನು ಓದಲು ಕಾದಂಬರಿಗಳೊಡನೆ ‘ನೆನಪಿನ ದೋಣಿಯಲ್ಲಿ’ ಆತ್ಮಕಥನವೂ ಬೇಕು. ಕಟ್ಟಡ ಮತ್ತು ಕೃತಿಗಳನ್ನು ಜೊತೆಯಾಗಿಟ್ಟು ನೋಡುವ ಅಧ್ಯಯನವೇ ಈ ಮನೆಯ ಚರಿತ್ರೆಯನ್ನು ಪೂರ್ಣಗೊಳಿಸಬಲ್ಲದು.